ಕೊನೆಗಾಲದ ಚಿಕಿತ್ಸೆ: ಮುಂದುವರಿಸುವುದೋ, ನಿಲ್ಲಿಸುವುದೋ, ಮನೆಗೆ ಕರೆದೊಯ್ಯುವುದೋ

ದಯಾಮರಣದ ಮಾತು ಬಂದರೆ ಐದಾರು ಬೇರೆ ಬೇರೆ ಕೆಲಸಗಳನ್ನು ಜನ ಒಂದೇ ಗಂಟಿಗೆ ಕಟ್ಟಿಬಿಡುತ್ತಾರೆ. ವೆಂಟಿಲೇಟರ್ ಹಾಕದಿರುವುದು, ಹಾಕಿದ್ದನ್ನು ತೆಗೆಯುವುದು, ನೋವಿಗೆ ಮಾರ್ಫಿನ್ ಕೊಡುವುದು, ಊಟ ಬಿಟ್ಟವರಿಗೆ ಮೂಗಿನ ನಳಿಕೆ ಹಾಕದಿರುವುದು, ಸಾವು ಬರಲೆಂದೇ ಚುಚ್ಚುಮದ್ದು ಕೊಡುವುದು, ಎಲ್ಲವೂ ಅದರಲ್ಲೇ. ಕೊನೆಯದೊಂದನ್ನು ಬಿಟ್ಟರೆ ಉಳಿದವಕ್ಕೆ ಭಾರತದ ಕಾನೂನಿನಲ್ಲಿ ದಾರಿಯಿದೆ. ಹಾಗಿದ್ದೂ ಐಸಿಯು ಬಾಗಿಲಲ್ಲಿ ನಿಂತ ಕುಟುಂಬಕ್ಕೆ ಕಾಣುವುದು ಎರಡೇ: ‘ಎಲ್ಲಾ ಮಾಡಿ ಡಾಕ್ಟ್ರೇ’ ಎನ್ನುವುದು, ಇಲ್ಲವೇ ಸಹಿ ಹಾಕಿ ಮನೆಗೆ ಕರೆದುಕೊಂಡು ಹೋಗುವುದು. ಈ ಎರಡು ತುದಿಗಳ ನಡುವೆ ಇರುವ ದಾರಿಗಳೇ ಹೆಚ್ಚಿನವರಿಗೆ ಒಳ್ಳೆಯವು ಎಂಬುದು ನಮ್ಮ ಖಚಿತ ಅಭಿಪ್ರಾಯ. ಆ ದಾರಿಗಳು ಯಾವುವು, ಒಂದಕ್ಕೊಂದು ಎಲ್ಲಿ ಬೇರೆಯಾಗುತ್ತವೆ, ಎಲ್ಲಿ ಎಡವಟ್ಟಾಗುತ್ತದೆ ಎಂಬುದನ್ನು ಇಲ್ಲಿ ಹೇಳುತ್ತೇವೆ.

ಆಯ್ಕೆಗೆ ಮೊದಲು ವೈದ್ಯರನ್ನು ಕೇಳಬೇಕಾದದ್ದು

‘ಬದುಕುತ್ತಾರಾ?’ ಎಂದು ಕೇಳಿದರೆ ‘ಪ್ರಯತ್ನ ಮಾಡ್ತಿದ್ದೀವಿ’ ಎಂಬ ಉತ್ತರವಷ್ಟೇ ಸಿಗುತ್ತದೆ. ಅದರ ಬದಲು ಮೂರು ಪ್ರಶ್ನೆ ಕೇಳಿ. ಈಗಿನ ತೊಂದರೆ ಇಳಿಯುವಂಥದ್ದೋ, ಅಥವಾ ಮೂಲ ಕಾಯಿಲೆಯೇ ಕೊನೆ ಮುಟ್ಟಿದೆಯೋ? ಎಲ್ಲವೂ ಅಂದುಕೊಂಡಂತೆ ನಡೆದರೆ ಮೂರು ತಿಂಗಳ ನಂತರ ಇವರು ಹೇಗಿರುತ್ತಾರೆ: ನಡೆಯುತ್ತಾರಾ, ನಮ್ಮನ್ನು ಗುರುತಿಸುತ್ತಾರಾ, ತಾವೇ ತಿನ್ನುತ್ತಾರಾ? ಈ ಚಿಕಿತ್ಸೆ ಕಾಯಿಲೆಯನ್ನು ವಾಸಿ ಮಾಡಲಿಕ್ಕೋ, ಸಮಯ ತಳ್ಳಲಿಕ್ಕೋ? ಮೂರನೆಯದಕ್ಕೆ ನೇರ ಉತ್ತರ ಸಿಕ್ಕಿತೆಂದರೆ ಅರ್ಧ ದಾರಿ ಕಳೆದಂತೆ.

ಒಂದು ಸ್ಥಿತಿಯನ್ನು ಮಾತ್ರ ಬೇರೆಯಾಗಿಯೇ ನೋಡಬೇಕು. ಮೆದುಳಿನ ಕಾಂಡ ಸತ್ತಿದೆ ಎಂದು 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ, ಕನಿಷ್ಠ 6 ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಿದರೆ, ಆ ವ್ಯಕ್ತಿ ತೀರಿಕೊಂಡಿದ್ದಾರೆ; ಎದೆ ಏಳುತ್ತಿರುವುದು ಯಂತ್ರದಿಂದ. ಕೋಮಾ ಅಥವಾ ಎಚ್ಚರವಿದ್ದೂ ಅರಿವಿಲ್ಲದ ದೀರ್ಘ ಸ್ಥಿತಿ ಹಾಗಲ್ಲ. ಅಲ್ಲಿ ಮೆದುಳಿನ ಕಾಂಡ ಕೆಲಸ ಮಾಡುತ್ತಿರುತ್ತದೆ, ಯಂತ್ರವಿಲ್ಲದೆಯೂ ಉಸಿರಾಟ ನಡೆಯಬಹುದು. ಈ ಎರಡನ್ನು ಒಂದೇ ಎಂದುಕೊಂಡು ಜಗಳವಾಡಿದ ಮನೆಗಳು ಬಹಳ. ಯಾವುದೆಂದು ವೈದ್ಯರಿಂದ ಬರೆಸಿಕೊಳ್ಳಿ.

ಪೂರ್ಣ ಚಿಕಿತ್ಸೆ ಮತ್ತು ಗಡುವಿನ ಚಿಕಿತ್ಸೆ

ನ್ಯುಮೋನಿಯಾ, ಸೋಂಕು, ಹಾವು ಕಡಿತ, ಅಪಘಾತದಂಥ ಇಳಿಯಬಲ್ಲ ತೊಂದರೆಗೆ ಪೂರ್ಣ ಚಿಕಿತ್ಸೆಯೇ ಸರಿ. ವಯಸ್ಸು ಎಂಬತ್ತಾಗಿದೆ ಎಂಬುದೊಂದೇ ಕಾರಣಕ್ಕೆ ಬೇಡ ಎನ್ನುವುದು ತಪ್ಪು. ಆದರೆ ಹರಡಿದ ಕ್ಯಾನ್ಸರ್, ಕೊನೆಯ ಹಂತದ ಹೃದಯ ಅಥವಾ ಯಕೃತ್ತಿನ ಕಾಯಿಲೆ, ಬಲಿತ ಮರೆವಿನ ಕಾಯಿಲೆ ಇರುವವರಿಗೆ ವೆಂಟಿಲೇಟರ್ ಹಾಕಿದರೆ ಉಸಿರು ನಡೆಯುತ್ತದೆ, ಕಾಯಿಲೆ ಇದ್ದಲ್ಲೇ ಇರುತ್ತದೆ.

ಏನೆಂದು ಗೊತ್ತಾಗದ ಪರಿಸ್ಥಿತಿಯಲ್ಲಿ ಗಡುವು ಹಾಕಿಕೊಂಡು ಚಿಕಿತ್ಸೆ ಕೊಡಿಸುವುದು ಬಹಳ ಒಳ್ಳೆಯ ದಾರಿ. ಇದನ್ನು ಕೇಳಿ ಪಡೆಯುವವರು ಮಾತ್ರ ಕಡಿಮೆ. ಮೂರು, ಐದು ಅಥವಾ ಏಳು ದಿನ ಎಲ್ಲ ಚಿಕಿತ್ಸೆಯನ್ನೂ ಕೊಡುವುದು. ಯಾವ ಗುರುತು ಕಂಡರೆ ಸುಧಾರಣೆ ಎನ್ನಬೇಕು ಎಂಬುದನ್ನು ಮೊದಲೇ ಬರೆದಿಡುವುದು. ಬಿಪಿ ಏರಿಸುವ ಔಷಧಿಯ ಪ್ರಮಾಣ ಇಳಿಯಬೇಕು, ಮೂತ್ರ ಬರಬೇಕು, ಕರೆದರೆ ಕಣ್ಣು ಬಿಡಬೇಕು, ಇಂಥವು. ಗಡುವಿನ ದಿನ ಎಲ್ಲರೂ ಕೂತು ಮತ್ತೆ ಮಾತಾಡುವುದು. ಗಡುವೇ ಇಲ್ಲದೆ ಶುರುವಾದ ವೆಂಟಿಲೇಟರ್ ತಾನಾಗಿ ನಿಲ್ಲುವುದಿಲ್ಲ: ಎರಡು ವಾರ ಕಳೆಯುತ್ತಲೇ ಕುತ್ತಿಗೆಯಲ್ಲಿ ರಂಧ್ರ ಮಾಡುವ ಟ್ರಕಿಯಾಸ್ಟಮಿ, ಆಮೇಲೆ ಡಯಾಲಿಸಿಸ್ ಎಂದು ಒಂದರ ಹಿಂದೊಂದು ಸಹಿ ಕೇಳಲಾಗುತ್ತದೆ. ಪ್ರತಿಯೊಂದು ಸಹಿಯೂ ಚಿಕ್ಕದಾಗಿಯೇ ಕಾಣುತ್ತದೆ.

ಹೃದಯ ನಿಂತರೆ ಎದೆ ಒತ್ತಬೇಡಿ ಎನ್ನುವುದು

ಸಿಪಿಆರ್ ಎಂದರೆ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತುವುದು. ವಯಸ್ಸಾದವರಲ್ಲಿ ಪಕ್ಕೆಲುಬು ಮುರಿಯುವುದು ಸಾಮಾನ್ಯ. ಆರೋಗ್ಯವಾಗಿದ್ದವರ ಹೃದಯ ಹಠಾತ್ತನೆ ನಿಂತಾಗ ಇದು ಜೀವ ಉಳಿಸುತ್ತದೆ. ಕಾಯಿಲೆಯ ಕೊನೆಯಲ್ಲಿ ಹೃದಯ ನಿಂತಾಗ ಇದರಿಂದ ಮರಳಿ ಮನೆಗೆ ಹೋಗುವವರು ತೀರಾ ವಿರಳ. ಇಂಥ ಸಂದರ್ಭದಲ್ಲಿ ಸಿಪಿಆರ್ ಬೇಡವೆಂದು ದಾಖಲಿಸುವ ಕ್ರಮದ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಇಲ್ಲಿ ಎಡವಟ್ಟಾಗುವುದು ಹೀಗೆ: ಸಿಪಿಆರ್ ಬೇಡ ಎಂದದ್ದನ್ನು ಸಿಬ್ಬಂದಿ ‘ಏನೂ ಬೇಡ’ ಎಂದು ಓದಿಕೊಳ್ಳುತ್ತಾರೆ. ಆ್ಯಂಟಿಬಯಾಟಿಕ್, ಆಮ್ಲಜನಕ, ನೋವಿನ ಔಷಧಿ, ಮಗ್ಗುಲು ಬದಲಿಸುವುದು, ಬಾಯಿ ಒರೆಸುವುದು ಇವೆಲ್ಲ ನಡೆಯಬೇಕು ಎಂದು ಅದೇ ಹಾಳೆಯಲ್ಲಿ ಬರೆಸಿ.

ನಿಲ್ಲಿಸುವುದು: ಕಾನೂನಿನ ದಾರಿ

ಬದುಕುವ ಹಕ್ಕಿನಲ್ಲಿ ಸಾಯುವ ಹಕ್ಕು ಸೇರಿಲ್ಲ ಎಂದು ಗ್ಯಾನ್ ಕೌರ್ ಪ್ರಕರಣದಲ್ಲಿ 1996ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, ಸಾವಿನ ಹಾದಿಯಲ್ಲೂ ಘನತೆ ಇರಬೇಕು ಎಂಬುದಕ್ಕೆ ಅಲ್ಲಿಯೇ ಜಾಗ ಬಿಟ್ಟಿತ್ತು. 2011ರ ಮಾರ್ಚ್ 7ರಂದು, ದಶಕಗಳ ಕಾಲ ಅರಿವಿಲ್ಲದೆ ಮಲಗಿದ್ದ ನರ್ಸ್ ಅರುಣಾ ಶಾನಭಾಗ್ ಪ್ರಕರಣದಲ್ಲಿ, ಹೈಕೋರ್ಟಿನ ಅನುಮತಿಯಿದ್ದರೆ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯಬಹುದು ಎಂದಿತು. 2018ರ ಮಾರ್ಚ್ 9ರಂದು ಕಾಮನ್ ಕಾಸ್ ಸಂಸ್ಥೆಯ ಅರ್ಜಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಭಾಗ ಎಂದು ತೀರ್ಪಿತ್ತು, ಮುಂದೆ ತನಗೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟಿತು. ಆದರೆ ಅದರಲ್ಲಿ ಹಾಕಿದ ವಿಧಾನ ಎಷ್ಟು ತೊಡಕಿನದಾಗಿತ್ತೆಂದರೆ ಬಳಸುವುದೇ ಅಸಾಧ್ಯವಾಗಿತ್ತು. 2023ರ ಜನವರಿ 24ರಂದು ಇನ್ನೊಂದು ಸಂವಿಧಾನ ಪೀಠ ಅದನ್ನು ಸಡಿಲಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿ ಇದನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತಂದಿದೆ.

ಈಗಿನ ಕ್ರಮ ಹೀಗಿದೆ. ರೋಗಿಗೆ ತಿಳಿದು ಹೇಳುವ ಸ್ಥಿತಿಯಿದ್ದರೆ ಚಿಕಿತ್ಸೆ ನಿರಾಕರಿಸುವ ಹಕ್ಕು ಅವರದೇ. ಅವರು ಹೇಳಲಾರದ ಸ್ಥಿತಿಯಲ್ಲಿದ್ದು, ಚೇತರಿಕೆಯ ನಿರೀಕ್ಷೆ ಇಲ್ಲವೆಂದಾದರೆ ಆಸ್ಪತ್ರೆ ಪ್ರಾಥಮಿಕ ಮಂಡಳಿ ರಚಿಸುತ್ತದೆ: ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಕನಿಷ್ಠ 5 ವರ್ಷದ ಅನುಭವವುಳ್ಳ ಇಬ್ಬರು ತಜ್ಞರು. ಕುಟುಂಬ ಅಥವಾ ಲಿವಿಂಗ್ ವಿಲ್‌ನಲ್ಲಿ ಹೆಸರಿಸಿದವರು ಲಿಖಿತವಾಗಿ ಒಪ್ಪಬೇಕು. ನಂತರ ಎರಡನೇ ಮಂಡಳಿ: ಜಿಲ್ಲಾ ಮಟ್ಟದ ಆರೋಗ್ಯಾಧಿಕಾರಿ ನಾಮಕರಣ ಮಾಡಿದ ಒಬ್ಬ ವೈದ್ಯರು, ಮೊದಲ ಮಂಡಳಿಯಲ್ಲಿ ಇಲ್ಲದ ಇಬ್ಬರು ತಜ್ಞರು. ಪ್ರತಿಯೊಂದು ಮಂಡಳಿಯೂ ಸಾಧ್ಯವಾದಷ್ಟೂ 48 ಗಂಟೆಯೊಳಗೆ ತೀರ್ಮಾನ ಹೇಳಬೇಕು. ಎರಡೂ ಒಪ್ಪಿದರೆ ಆಸ್ಪತ್ರೆ ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ) ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಚಿಕಿತ್ಸೆ ಹಿಂತೆಗೆಯುತ್ತದೆ. ಮ್ಯಾಜಿಸ್ಟ್ರೇಟರಿಗೆ ತಿಳಿಸಿದರಾಯಿತು, ಅವರು ಬಂದು ನೋಡುವ ಹಳೆಯ ನಿಯಮ ಈಗಿಲ್ಲ. ಎರಡನೇ ಮಂಡಳಿ ಒಪ್ಪದಿದ್ದರೆ ಕುಟುಂಬ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು.

ಹಿಂತೆಗೆಯುವುದನ್ನು ಸ್ವಿಚ್ ಆರಿಸುವುದೆಂದು ಯಾರೂ ಎಣಿಸಬಾರದು. ಸ್ನಾಯುಗಳನ್ನು ಸ್ತಬ್ಧಗೊಳಿಸುವ ಔಷಧಿ ನಡೆಯುತ್ತಿದ್ದರೆ ಅದನ್ನು ನಿಲ್ಲಿಸಿ, ಅದರ ಪ್ರಭಾವ ಪೂರ್ತಿ ಇಳಿಯುವ ತನಕ ಕಾಯಲೇಬೇಕು. ಇಲ್ಲದಿದ್ದರೆ ರೋಗಿ ಉಸಿರಾಡಲು ಯತ್ನಿಸಲೂ ಆಗದು, ಆಗ ಸಾವು ಕಾಯಿಲೆಯಿಂದ ಬಂತೆಂದು ಹೇಳಲಾಗದು. ಉಸಿರುಗಟ್ಟುವ ಯಾತನೆ ಆಗದಂತೆ ಮೊದಲೇ ಮಾರ್ಫಿನ್ ಮತ್ತು ಮಂಪರಿನ ಔಷಧಿ ಕೊಟ್ಟು, ಯಂತ್ರದ ಬೆಂಬಲವನ್ನು ಇಳಿಸುತ್ತ ಬರುತ್ತಾರೆ. ಅಲಾರ್ಮ್‌ಗಳನ್ನು ನಿಲ್ಲಿಸಿ ಮನೆಯವರನ್ನು ಹತ್ತಿರ ಕೂರಿಸುತ್ತಾರೆ. ಕೆಲವರು ನಿಮಿಷಗಳಲ್ಲಿ ತೀರಿಕೊಳ್ಳುತ್ತಾರೆ, ಕೆಲವರು ದಿನಗಟ್ಟಲೆ ಸ್ವಂತವಾಗಿ ಉಸಿರಾಡುತ್ತಾರೆ. ಇದನ್ನು ಮುಂಚೆಯೇ ಹೇಳದಿದ್ದರೆ ಎರಡನೇ ದಿನ ಮನೆಯವರು ಕಂಗಾಲಾಗುತ್ತಾರೆ.

ಸಹಿ ಹಾಕಿ ಮನೆಗೆ ಕರೆದೊಯ್ಯುವುದು

ವೈದ್ಯಕೀಯ ಸಲಹೆಗೆ ವಿರುದ್ಧವಾಗಿ ಡಿಸ್ಚಾರ್ಜ್ ಎಂದು ಬರೆಸಿಕೊಂಡು ಹೋಗುವ ಈ ದಾರಿಯನ್ನು ಜನ ಆರಿಸುವುದು ಎರಡು ಕಾರಣಕ್ಕೆ: ಬಿಲ್ಲು, ಮತ್ತು ಬೇರೆ ದಾರಿಯಿದೆ ಎಂದು ಯಾರೂ ಹೇಳದಿರುವುದು. ಆಸ್ಪತ್ರೆಗೂ ಇದು ಅನುಕೂಲ. ಮಂಡಳಿ ಬೇಡ, ಕಾಗದಪತ್ರ ಬೇಡ, ಹೊಣೆ ಕುಟುಂಬದ ಹೆಗಲಿಗೆ. ಆದರೆ ಮೇಲೆ ಹೇಳಿದ ದಾರಿಗೆ ಹೋಲಿಸಿದರೆ ರೋಗಿಗೆ ಇದರಷ್ಟು ಕ್ರೂರವಾದದ್ದು ಇನ್ನೊಂದಿಲ್ಲ. ಆಂಬುಲೆನ್ಸ್‌ನಲ್ಲಿ ಯಾರೋ ಕೈಯಿಂದ ಉಸಿರು ತುಂಬುವ ಆಂಬು ಬ್ಯಾಗ್ ಒತ್ತುತ್ತ ಬರುತ್ತಾರೆ, ಮನೆಯ ಹೊಸ್ತಿಲಲ್ಲಿ ಗಂಟಲ ನಳಿಕೆ ತೆಗೆಯುತ್ತಾರೆ, ಒಂದು ಹನಿ ಮಾರ್ಫಿನ್ ಕೂಡ ಇರುವುದಿಲ್ಲ. ಉಸಿರಿಗಾಗಿ ಒದ್ದಾಡುವುದನ್ನು ಮಕ್ಕಳು ಮೊಮ್ಮಕ್ಕಳು ನಿಂತು ನೋಡಬೇಕಾಗುತ್ತದೆ. ಚಿಕಿತ್ಸೆ ನಿಲ್ಲಿಸುವ ನೈತಿಕ ಪ್ರಶ್ನೆ ಎರಡೂ ಕಡೆ ಒಂದೇ. ಇಲ್ಲಿ ಮಾತ್ರ ಆರೈಕೆಯನ್ನೂ ಜೊತೆಗೆ ನಿಲ್ಲಿಸಿದಂತಾಗುತ್ತದೆ.

ಹಣವಿಲ್ಲದೆ, ಅಥವಾ ಮನೆಯಲ್ಲೇ ಪ್ರಾಣ ಹೋಗಲಿ ಎಂಬ ಆಸೆಯಿಂದ, ಹೋಗಲೇಬೇಕಾಗಿದ್ದರೆ ಬರಿಗೈಯಲ್ಲಿ ಹೋಗಬೇಡಿ. ಡಿಸ್ಚಾರ್ಜ್ ಸಾರಾಂಶದಲ್ಲಿ ಕಾಯಿಲೆಯ ಹೆಸರು ಮತ್ತು ‘ಕೊನೆಯ ಹಂತ’ ಎಂಬುದನ್ನು ಬರೆಸಿ. ಉಸಿರಾಟದ ಸಂಕಟ, ಗಂಟಲಲ್ಲಿ ಕಫ ಗೊರಗೊರಗುಡುವುದು, ತಳಮಳ ಇವುಗಳಿಗೆ ಔಷಧಿ ಬರೆಸಿಕೊಂಡು, ಯಾವುದನ್ನು ಯಾವಾಗ ಕೊಡಬೇಕೆಂದು ನರ್ಸ್ ಹತ್ತಿರ ಮಾಡಿ ತೋರಿಸಿಕೊಳ್ಳಿ. ಊರಿನ ವೈದ್ಯರೊಬ್ಬರನ್ನು ಮೊದಲೇ ಒಪ್ಪಿಸಿ. ಮನೆಯಲ್ಲಿ ಸಾವಾದಾಗ ಸಾವಿನ ಕಾರಣವನ್ನು ನಮೂನೆ 4ಎಯಲ್ಲಿ ಬರೆದುಕೊಡಬೇಕಾದವರು ಅವರು. ನೋಂದಣಿಗೆ 21 ದಿನ ಸಮಯವಿದೆ. ಅಪಘಾತ ಅಥವಾ ಪೊಲೀಸ್ ಪ್ರಕರಣವಿದ್ದರೆ ಮನೆಗೆ ಒಯ್ಯುವ ಮೊದಲು ಠಾಣೆಯ ವಿಷಯ ಕೇಳಿಕೊಳ್ಳಿ, ಇಲ್ಲವಾದರೆ ಶವಸಂಸ್ಕಾರದ ಹೊತ್ತಿಗೆ ಮರಣೋತ್ತರ ಪರೀಕ್ಷೆಯ ತೊಡಕು ಬರುತ್ತದೆ.

ಉಪಶಾಮಕ ಆರೈಕೆ, ಮಾರ್ಫಿನ್, ಮಂಪರು

ನೋವು, ಸಂಕಟ ಇಳಿಸುವ ಉಪಶಾಮಕ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್ ಎಂದರೆ ಕೈಚೆಲ್ಲುವುದು ಎಂಬ ತಿಳಿವಳಿಕೆ ಇನ್ನೂ ಹೋಗಿಲ್ಲ. ಕ್ಯಾನ್ಸರ್ ಪತ್ತೆಯಾದ ದಿನದಿಂದಲೇ, ಕೀಮೋ ನಡೆಯುವಾಗಲೇ ಇದನ್ನು ಪಡೆಯಬಹುದು, ಪಡೆಯಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನೋವಿನ ಚಿಕಿತ್ಸೆಯ ವಿಭಾಗವಿದೆ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುವ ಕರುಣಾಶ್ರಯ ಬೆಂಗಳೂರಿನಲ್ಲೇ ಇದೆ.

ಬಾಯಿಯ ಮೂಲಕ ಕೊಡುವ ಸಾಧಾರಣ ಮಾರ್ಫಿನ್ ಮಾತ್ರೆ ಸುಮಾರು 4 ಗಂಟೆ ಕೆಲಸ ಮಾಡುತ್ತದೆ. ಆದ್ದರಿಂದ ಗಡಿಯಾರ ನೋಡಿ ಕೊಡಬೇಕು. ನೋವು ಬಂದಾಗ ನೋಡೋಣ ಎಂದರೆ ಪ್ರತಿಸಲ ನೋವನ್ನು ಬೆನ್ನಟ್ಟುವುದೇ ಆಗುತ್ತದೆ. ಮಾರ್ಫಿನ್ ಜೊತೆಗೆ ಮಲಬದ್ಧತೆಗೆ ಔಷಧಿ ಕೊಡದಿದ್ದರೆ ಹೊಟ್ಟೆ ಕಟ್ಟಿಕೊಂಡು ರೋಗಿ ಮಾರ್ಫಿನ್ನೇ ಬೇಡ ಎನ್ನುತ್ತಾರೆ. ಚಟ ಹಿಡಿಯುತ್ತದೆ, ಬೇಗ ಸಾಯಿಸುತ್ತದೆ ಎಂಬ ಭಯದಿಂದ ಅಡಗಿಸಿಡುವ ಮನೆಗಳೂ ಇವೆ. ನೋವಿಗೆ ತಕ್ಕಂತೆ ಹಂತಹಂತವಾಗಿ ಏರಿಸಿದ ಮಾರ್ಫಿನ್ ಆಯಸ್ಸನ್ನು ಕಡಿಮೆ ಮಾಡುವುದಿಲ್ಲ. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿಯಾಗಿ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವುದು ಸುಲಭವಾಗಿದೆ. ‘ನಮ್ಮಲ್ಲಿ ಇಲ್ಲ’ ಎಂದರೆ ಎಲ್ಲಿದೆ ಎಂದು ಕೇಳಿ.

ಯಾವ ಔಷಧಿಗೂ ಬಗ್ಗದ ಯಾತನೆಗೆ, ಸಾವು ಗಂಟೆಗಳಲ್ಲೋ ದಿನಗಳಲ್ಲೋ ಇದೆ ಎಂದಾಗ, ಎಚ್ಚರ ಇಳಿಸುವ ಔಷಧಿ ಕೊಡುವುದುಂಟು. ಇದೇ ಅಲ್ಲವೇ ದಯಾಮರಣ ಎಂದು ಕೇಳುವವರಿಗೆ ವ್ಯತ್ಯಾಸ ತೋರುವುದು ಔಷಧಿಯ ಪ್ರಮಾಣದಲ್ಲಿ. ಇಲ್ಲಿ ಸಂಕಟ ಇಳಿಯುವಷ್ಟು ಮಾತ್ರ ಕೊಡುತ್ತಾರೆ, ಇಳಿದ ಮೇಲೆ ಏರಿಸುವುದಿಲ್ಲ. ಅಲ್ಲಿ ಸಾವು ಬರುವಷ್ಟು ಕೊಡುತ್ತಾರೆ. ಉದ್ದೇಶ ಮನಸ್ಸಿನೊಳಗೆ ಇರುವಂಥದ್ದಾದರೂ ಕೇಸ್ ಶೀಟಿನಲ್ಲಿ ಓದಬಹುದು.

ಊಟ, ನೀರು, ನಳಿಕೆ

ಎಲ್ಲಕ್ಕಿಂತ ಹೆಚ್ಚು ಕಣ್ಣೀರಿಗೆ ಕಾರಣವಾಗುವುದು ಇದೇ. ಕೊನೆಯ ದಿನಗಳಲ್ಲಿ ಹಸಿವು ಇಂಗುವುದು ದೇಹ ಮುಚ್ಚಿಕೊಳ್ಳುವ ಕ್ರಮ. ಊಟ ಬಿಟ್ಟದ್ದರಿಂದ ಸಾಯುತ್ತಿದ್ದಾರೆ ಎನ್ನುವುದಕ್ಕಿಂತ ಸಾಯುತ್ತಿರುವುದರಿಂದ ಊಟ ಬಿಟ್ಟಿದ್ದಾರೆ ಎಂಬುದೇ ಹೆಚ್ಚಾಗಿ ಸರಿ. ಒತ್ತಾಯದಿಂದ ಗ್ಲೂಕೋಸ್ ಏರಿಸಿದರೆ ಶ್ವಾಸಕೋಶದಲ್ಲಿ ನೀರು, ಕಾಲಲ್ಲಿ ಬಾವು. ಬಲಿತ ಮರೆವಿನ ಕಾಯಿಲೆಯಲ್ಲಿ ಮೂಗಿನ ನಳಿಕೆ ಆಯಸ್ಸನ್ನೂ ಹೆಚ್ಚಿಸುವುದಿಲ್ಲ, ಆಹಾರ ಶ್ವಾಸಕೋಶಕ್ಕೆ ಹೋಗುವುದನ್ನೂ ತಡೆಯುವುದಿಲ್ಲ. ಕಿತ್ತುಕೊಳ್ಳದಂತೆ ಕೈ ಕಟ್ಟುವುದೊಂದು ಸೇರುತ್ತದೆ. ಬಯಸಿದಾಗ ಒಂದು ಚಮಚ, ಒಣಗಿದ ತುಟಿಗೆ ಒದ್ದೆ ಹತ್ತಿ, ಇಷ್ಟು ಸಾಕು.

ಆದರೆ ಸಾವಿನ ಅಂಚಿನಲ್ಲಿಲ್ಲದೆ, ವರ್ಷಗಟ್ಟಲೆ ಅರಿವಿಲ್ಲದೆ ಮಲಗಿರುವವರ ನಳಿಕೆಯ ಪ್ರಶ್ನೆ ಬೇರೆ. ಅರುಣಾ ಶಾನಭಾಗ್ ಉತ್ತರ ಕನ್ನಡದ ಹಳದೀಪುರದವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ 1973ರ ನವೆಂಬರಿನಲ್ಲಿ ಹಲ್ಲೆಗೊಳಗಾಗಿ, 2015ರ ಮೇ ತಿಂಗಳಲ್ಲಿ ನ್ಯುಮೋನಿಯಾದಿಂದ ತೀರಿಕೊಳ್ಳುವ ತನಕ ಅದೇ ಆಸ್ಪತ್ರೆಯಲ್ಲಿದ್ದರು. ಅವರ ಪರವಾಗಿ ದಯಾಮರಣ ಕೋರಿ ಅರ್ಜಿ ಹಾಕಿದ್ದು ಪತ್ರಕರ್ತೆ ಪಿಂಕಿ ವಿರಾನಿ. ಅರುಣಾಗೆ ಆಪ್ತರು ಎನ್ನಬೇಕಾದದ್ದು ದಶಕಗಳಿಂದ ಉಣಿಸಿ ಮೀಯಿಸಿದ ಆಸ್ಪತ್ರೆಯ ಸಿಬ್ಬಂದಿಯನ್ನು ಎಂದಿತು ಕೋರ್ಟು. ಸಿಬ್ಬಂದಿಗೆ ಆಕೆ ಬದುಕಬೇಕಿತ್ತು. ಯಾರ ಮಾತು ನಡೆಯಬೇಕು ಎಂಬುದನ್ನು ವ್ಯಕ್ತಿಯೇ ಹೇಳಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಆಹಾರವನ್ನು ಹಂತಹಂತವಾಗಿ ಬಿಟ್ಟು ಸಾವನ್ನು ಎದುರುಗೊಳ್ಳುವ ಜೈನರ ಸಲ್ಲೇಖನವನ್ನು ಇದರ ಜೊತೆ ಹೋಲಿಸುವುದುಂಟು. ಶ್ರವಣಬೆಳಗೊಳದ ಚಂದ್ರಗಿರಿಯ ಹಳೆಯ ಶಾಸನಗಳಲ್ಲಿ ಎಷ್ಟೋ ಅದರ ದಾಖಲೆಗಳೇ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆ ಎಂದಿತು; ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅದು ಗುರುವಿನ ಅಪ್ಪಣೆಯಿಂದ ಹಿಡಿಯುವ ವ್ರತ, ಕ್ರೋಧ, ಲೋಭದಂಥ ಮನೋವಿಕಾರಗಳನ್ನು (ಜೈನರ ಮಾತಿನಲ್ಲಿ ‘ಕಷಾಯ’) ಕ್ಷೀಣಿಸುವುದು ಅದರ ಗುರಿ. ಆಸ್ಪತ್ರೆಯ ತೀರ್ಮಾನಕ್ಕೆ ಅದನ್ನು ಅಳತೆಗೋಲು ಮಾಡುವುದು ಎರಡಕ್ಕೂ ನ್ಯಾಯವಲ್ಲ.

ಸಕ್ರಿಯ ದಯಾಮರಣ ಮತ್ತು ಸಾಯಲು ನೆರವು

ಸಾವು ಬರಲೆಂದೇ ಔಷಧಿ ಕೊಡುವ ಇದಕ್ಕೆ ಭಾರತದಲ್ಲಿ ದಾರಿಯಿಲ್ಲ. ಒಪ್ಪಿಗೆ ಪಡೆದು ಕೊಂದರೂ ಭಾರತೀಯ ನ್ಯಾಯ ಸಂಹಿತೆಯ 101ನೇ ಕಲಮಿನ ಐದನೇ ವಿನಾಯಿತಿ ಅದನ್ನು ಕೊಲೆಯೆಂಬ ಹೆಸರಿನಿಂದ ಹೊರಗಿಡುತ್ತದೆ, ಅಪರಾಧದಿಂದ ಹೊರಗಿಡುವುದಿಲ್ಲ. ಆತ್ಮಹತ್ಯೆಗೆ ನೆರವು 108ನೇ ಕಲಮಿನಡಿ 10 ವರ್ಷದ ತನಕ ಶಿಕ್ಷೆಯ ಅಪರಾಧ.

ಕಾನೂನು ಇರುವ ದೇಶಗಳಲ್ಲೂ ಒಂದರ ಹಾಗೆ ಇನ್ನೊಂದಿಲ್ಲ. ಅಮೆರಿಕದ ಒರೆಗಾನ್‌ನಲ್ಲಿ 1997ರಿಂದ ಜಾರಿಯಲ್ಲಿರುವ ಕಾನೂನಿಗೆ ಆರು ತಿಂಗಳೊಳಗೆ ಸಾವು ತರುವ ಕಾಯಿಲೆ ಇರಬೇಕು, ಇಬ್ಬರು ವೈದ್ಯರು ಒಪ್ಪಬೇಕು, ಔಷಧಿಯನ್ನು ರೋಗಿಯೇ ಸೇವಿಸಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ 2002ರಿಂದ ವೈದ್ಯರೇ ಕೊಡಬಹುದು; ಸಾವು ಹತ್ತಿರವಿರಬೇಕೆಂದಿಲ್ಲ, ಪರಿಹಾರವಿಲ್ಲದ ಅಸಹನೀಯ ಯಾತನೆ ಇರಬೇಕು. ಸ್ವಿಟ್ಜರ್ಲೆಂಡ್‌ನಲ್ಲಿ ಸ್ವಾರ್ಥದಿಂದ ಮಾಡಿದ ನೆರವು ಮಾತ್ರ ಅಪರಾಧ. ಕೆನಡಾ 2016ರಲ್ಲಿ, ಸಹಜ ಸಾವು ಹತ್ತಿರ ಕಾಣುತ್ತಿರುವವರಿಗೆಂದು ಆರಂಭಿಸಿ 2021ರಲ್ಲಿ ಆ ಷರತ್ತನ್ನೇ ತೆಗೆಯಿತು.

ರೋಗಿಯೇ ಸೇವಿಸಬೇಕೆಂಬ ನಿಯಮ ಕೊನೆಯ ಕ್ಷಣದ ತನಕ ಮನಸ್ಸು ಬದಲಿಸಲು ಬಿಡುತ್ತದೆ. ಒರೆಗಾನ್‌ನಲ್ಲಿ ಔಷಧಿ ಬರೆಸಿಕೊಂಡವರಲ್ಲಿ ಸುಮಾರು ಮೂರನೇ ಒಂದರಷ್ಟು ಮಂದಿ ಅದನ್ನು ಸೇವಿಸುವುದಿಲ್ಲ. ಆದರೆ ಕೈಯೆತ್ತಲಾಗದ, ನುಂಗಲಾಗದ ರೋಗಿಯನ್ನು ಅದು ಹೊರಗಿಡುತ್ತದೆ. ವೈದ್ಯರೇ ಕೊಡುವ ಕ್ರಮದಲ್ಲಿ ಈ ತಾರತಮ್ಯವಿಲ್ಲ, ಆ ಕಾವಲೂ ಇಲ್ಲ. ಒಮ್ಮೆ ಬಾಗಿಲು ತೆರೆದರೆ ಅಗಲವಾಗುತ್ತಲೇ ಹೋಗುತ್ತದೆ ಎನ್ನುವವರಿಗೆ ಕೆನಡಾ ಸಾಕ್ಷಿ, ಹಾಗೇನೂ ಆಗಬೇಕಿಲ್ಲ ಎನ್ನುವವರಿಗೆ ಇಷ್ಟು ವರ್ಷವೂ ಆರು ತಿಂಗಳ ಷರತ್ತನ್ನು ಬಿಡದ ಒರೆಗಾನ್ ಸಾಕ್ಷಿ. ತನ್ನ ಬದುಕಿನ ಕೊನೆಯನ್ನು ತಾನೇ ನಿರ್ಧರಿಸುವ ಹಂಬಲವನ್ನು ನಾವು ಗೌರವಿಸುತ್ತೇವೆ. ಆದರೂ ಮಾರ್ಫಿನ್ ಸಿಗದ ಜಿಲ್ಲೆಯಲ್ಲಿ, ಮಕ್ಕಳ ಸಾಲ ನೋಡಿ ಕೊರಗುವ ಅಪ್ಪ ‘ನನಗೆ ಸಾವು ಕೊಡಿ’ ಎಂದರೆ ಅದನ್ನು ಸ್ವತಂತ್ರ ಆಯ್ಕೆ ಎಂದು ಕರೆಯಲು ನಮಗೆ ಸಾಧ್ಯವಿಲ್ಲ. ಮೊದಲು ನೋವು ಇಳಿಯಬೇಕು, ಆಮೇಲೆ ಆ ಮಾತನ್ನು ಕೇಳಬೇಕು.

ಒರೆಗಾನ್‌ನಲ್ಲಿಯೂ ಜನ ಮುಖ್ಯವಾಗಿ ಹೇಳುವ ಕಾರಣ ನೋವಲ್ಲ. ಸ್ವಾವಲಂಬನೆ ಹೋಯಿತು, ಬದುಕಿನಲ್ಲಿ ಮಾಡುತ್ತಿದ್ದುದನ್ನು ಮಾಡಲಾಗುತ್ತಿಲ್ಲ ಎಂಬುದು. ಹಾಗಾಗಿ ‘ಸಾಕಾಯ್ತು, ನನ್ನನ್ನು ಕಳಿಸಿಬಿಡಿ’ ಎಂದವರನ್ನು ‘ಹಾಗೆಲ್ಲ ಮಾತಾಡಬಾರದು’ ಎಂದು ಸುಮ್ಮನಾಗಿಸಬೇಡಿ. ಯಾವುದು ಸಾಕಾಗಿದೆ ಎಂದು ಕೇಳಿ. ನೋವೇ, ನಿದ್ದೆ ಇಲ್ಲದ್ದೇ, ಬಟ್ಟೆ ಹೊಲಸಾಗುವ ನಾಚಿಕೆಯೇ, ಖರ್ಚೇ, ಒಂಟಿತನವೇ? ಇವುಗಳಲ್ಲಿ ಹೆಚ್ಚಿನವಕ್ಕೆ ಪರಿಹಾರವಿದೆ. ಖಿನ್ನತೆ ಕೊನೆಯ ಹಂತದ ಕಾಯಿಲೆಯಲ್ಲೂ ಔಷಧಿಗೆ ಬಗ್ಗುತ್ತದೆ. ಪ್ರಾಣ ಕಳೆದುಕೊಳ್ಳುವ ಯೋಚನೆ ರೋಗಿಗಾಗಲಿ ನೋಡಿಕೊಳ್ಳುವವರಿಗಾಗಲಿ ಬಂದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಲಿವಿಂಗ್ ವಿಲ್ ಬರೆಯುವಾಗ

18 ವರ್ಷ ತುಂಬಿದ, ಸ್ವಸ್ಥ ಮನಸ್ಸಿನ ಯಾರೂ ಬರೆಯಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಸಾಕ್ಷಿಗಳು ಆಸ್ತಿಯಲ್ಲಿ ಪಾಲಿಲ್ಲದ ಹೊರಗಿನವರಾದರೆ ಒಳ್ಳೆಯದು. ಒಂದಕ್ಕಿಂತ ಹೆಚ್ಚು ಜನರನ್ನು ತೀರ್ಮಾನಕ್ಕೆ ಹೆಸರಿಸಬಹುದು. ಹೆಸರಿಸಿದರೆ ಅವರೊಳಗೆ ಭಿನ್ನಾಭಿಪ್ರಾಯ ಬಂದಾಗ ಯಾರ ಮಾತು ಮೇಲು ಎಂಬುದನ್ನೂ ಬರೆಯಿರಿ. ಮಾನಸಿಕ ಆರೋಗ್ಯ ಕಾಯ್ದೆ 2017ರಲ್ಲಿಯೂ ಮುಂಗಡ ನಿರ್ದೇಶನವಿದೆ. ಅದು ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಮಾತ್ರ. ಆ ನಮೂನೆ ತುಂಬಿಸಿ ಇದಾಯಿತು ಎಂದುಕೊಳ್ಳಬೇಡಿ.

‘ನನಗೆ ಕಷ್ಟ ಕೊಡಬೇಡಿ’ ಎಂದು ಬರೆದರೆ ಮಂಡಳಿಗೆ ಅದರಿಂದ ಏನೂ ಮಾಡಲಾಗದು. ಅಸ್ಪಷ್ಟ ಉಯಿಲನ್ನು ಅವರು ಜಾರಿಗೊಳಿಸಬೇಕಿಲ್ಲ. ವೆಂಟಿಲೇಟರ್, ಡಯಾಲಿಸಿಸ್, ಸಿಪಿಆರ್, ಮೂಗಿನ ಅಥವಾ ಹೊಟ್ಟೆಯ ನಳಿಕೆ ಎಂದು ಒಂದೊಂದನ್ನೂ ಹೆಸರಿಸಿ, ಯಾವ ಸ್ಥಿತಿಯಲ್ಲಿ ಬೇಡ ಎಂದು ಸೇರಿಸಿ. ಗಡುವಿನ ಚಿಕಿತ್ಸೆ ಸರಿ ಎನಿಸಿದರೆ ಎಷ್ಟು ದಿನ ಎಂದೂ ಬರೆಯಿರಿ. ನೋವಿನ ಔಷಧಿ ಯಾವ ಸ್ಥಿತಿಯಲ್ಲೂ ನಿಲ್ಲಬಾರದು ಎಂಬ ಸಾಲು ಇರಲೇಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದು ಮಾಡಬಹುದು. ಎರಡಿದ್ದರೆ ಕೊನೆಯದೇ ಊರ್ಜಿತ, ಹಾಗಾಗಿ ತಾರೀಖು ಹಾಕದ ಉಯಿಲು ತೊಂದರೆ ತರುತ್ತದೆ.

ಪ್ರತಿಗಳು ಹೆಸರಿಸಿದವರಿಗೆ, ಮನೆಯ ವೈದ್ಯರಿಗೆ, ಮತ್ತು ಸ್ಥಳೀಯ ಸಂಸ್ಥೆ ನೇಮಿಸಿದ ಅಧಿಕಾರಿಗೆ ಹೋಗಬೇಕು. ಬ್ಯಾಂಕ್ ಲಾಕರಿನಲ್ಲಿಟ್ಟ ಲಿವಿಂಗ್ ವಿಲ್ ಹೊರಬರುವುದು ತಿಥಿಯ ನಂತರ. ಮೂಲ ಪ್ರತಿಯ ಒಂದು ಜೆರಾಕ್ಸ್ ಆಸ್ಪತ್ರೆಗೆ ಒಯ್ಯುವ ಫೈಲಿನಲ್ಲಿ ರಕ್ತದ ಗುಂಪು, ಅಲರ್ಜಿ ಬರೆದಿರುವ ಹಾಳೆಯ ಜೊತೆಗೇ ಇರಲಿ. ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರು ತಿರುವಿ ನೋಡುವುದು ಆ ಫೈಲನ್ನು.